ಸರಕು ಹೊರುವ ವೈಮಾನಿಕನ ನಿದ್ರೆ

2009ರ ಫೆಬ್ರವರಿಯಲ್ಲಿ ಅಮೆರಿಕದ ಬಫಲೋ ನಗರದ ಬಳಿ ಪ್ರಯಾಣಿಕ ವಿಮಾನವೊಂದು ಬಿದ್ದು 50 ಮಂದಿ ಮಡಿದರು. ವೈಮಾನಿಕರ ಆಯಾಸದ ಪ್ರಶ್ನೆ ಆಗ ದೊಡ್ಡದಾಗಿ ಎದ್ದಿತು. ಅಲ್ಲಿನ ಸರಕಾರವು ರಚಿಸಿದ ಹೊಸ ನಿಯಮಗಳು 2014ರ ಜನವರಿಯಲ್ಲಿ ಜಾರಿಗೆ ಬಂದವು. ಇವು ಶರೀರಧರ್ಮವನ್ನು ಮನ್ನಿಸಿದ ನಿಯಮಗಳು. ಇಬ್ಬರು ನಡೆಸುವ ವಿಮಾನದಲ್ಲಿ, ಬೆಳಗ್ಗೆ ಕೆಲಸಕ್ಕೆ ತೊಡಗಿದವರ ಸರದಿ ಹೆಚ್ಚೆಂದರೆ 14 ಗಂಟೆ. ನಡುರಾತ್ರಿಯ ಬಳಿಕ ತೊಡಗಿದವರಿಗೆ 9 ಗಂಟೆಯೇ ಮಿತಿ. ಸರದಿಗೆ ಮುನ್ನ 10 ಗಂಟೆಗಳ ವಿಶ್ರಾಂತಿ. ಅದರಲ್ಲಿ 8 ಗಂಟೆ ಎಡೆಬಿಡದೆ ಮಲಗಲು ಅವಕಾಶವಿರತಕ್ಕದ್ದು. ರಾತ್ರಿ 2ರಿಂದ ಬೆಳಗಿನ 6ರವರೆಗೆ ಮಾನವನ ಎಚ್ಚರವು ತೀರ ಕುಗ್ಗಿರುತ್ತದೆಂಬುದನ್ನು ವಾಚಕರು ಸ್ವಾನುಭವದಿಂದಲೇ ಬಲ್ಲರು.

ಆದರೆ ಸರಕು ವಿಮಾನಗಳನ್ನು ಈ ನಿಯಮಗಳಿಂದ ಹೊರಗಿಟ್ಟರು. ಅವುಗಳ ಮಟ್ಟಿಗೆ ಪ್ರಯೋಜನಕ್ಕಿಂತ ವೆಚ್ಚವೇ ಹೆಚ್ಚಂತೆ! ಸರಕು ಬಹುಮಟ್ಟಿಗೆ ಸಾಗುವುದೇ ರಾತ್ರಿಯಲ್ಲಲ್ಲವೆ? 2013ರ ಆಗಸ್ಟಿನಲ್ಲಿ, ಅಲಬಾಮದ ಬರ್ಮಿಂಗ್‌ಹ್ಯಾಮಿನಲ್ಲಿ, ಇನ್ನೂ ಬೆಳಕು ಹರಿಯುವ ಮುನ್ನ, ಇಳಿಯುತ್ತಿದ್ದ ಸರಕು ವಿಮಾನವೊಂದು ನೆಲಕ್ಕಪ್ಪಳಿಸಿ ಇಬ್ಬರು ವೈಮಾನಿಕರೂ ಸತ್ತರು. ತನಿಖೆಯು ಆಯಾಸವನ್ನೂ ಕಾರಣಗಳಲ್ಲಿ ಎಣಿಸಿತು.

ಈಗ ಇವರು ಹಳೆಯ ನಿಯಮಕ್ಕಿಂತ ಹೆಚ್ಚಿನ ವಿಶ್ರಾಂತಿಯನ್ನು ಪಡೆಯಬೇಕಾದರೆ, ಅವರ ಸಂಘವು ಕಂಪನಿಯೊಡನೆ ಕರಾರಿನ ಮಾತುಕತೆಯಲ್ಲಿ ಕೇಳಿ ಪಡೆಯಬೇಕು. ಸಂಬಳವನ್ನು ಹೀಗೆ ಚೌಕಾಶಿ ಮಾಡುವುದು ನ್ಯಾಯವೇ. ಒಂದಷ್ಟು ಸಂಬಳ ಬಿಟ್ಟು ಒಂದಷ್ಟು ನಿದ್ರೆ ಕೊಳ್ಳುವುದನ್ನು ಮಾತ್ರ ನಾವು ಒಪ್ಪಲಾರೆವು.