ಶಬ್ದದ ಪಾಠಕ್ಕೆ ತಮಟೆಯೂ ಬೇಕು, ಗಿಟಾರೂ ಬೇಕು

ಎಂಟನೇ ತರಗತಿಯ ಶಬ್ದದ ಪಾಠಕ್ಕೆ ತಮಟೆ, ಕೊಳಲು, ಭೀಮಸೇನ ಜೋಶಿಯವರ ಆಲಾಪ, ಒಂದು ಸಿನಿಮಾ ಹಾಡು, ರಾಕ್ ಗಿಟಾರು, ಎಲ್ಲವನ್ನೂ ಮೊಬೈಲಿನಲ್ಲಿ ಒಯ್ದಿದ್ದೆ. (ನಾನು ಕೇಳುವುದೇ ಹಾಗೆ; ಹಾಸ್ಟೆಲಿನಲ್ಲಿ ನನ್ನ ಹಾಡಿನ ಪಟ್ಟಿಗೆ ‘ಚೌಚೌ ಭಾತ್’ ಎಂದೇ ಹೆಸರು.) ವೀಕ್ಷಣಾ ಪುಸ್ತಕದಲ್ಲಿ ಷರಾ ಬಿತ್ತು: “ತಮಟೆ, ಸಿನಿಮಾ ಹಾಡು ತರಗತಿಗೆ ತಕ್ಕುದಲ್ಲ.”

ನಾನು ಒಪ್ಪುವುದಿಲ್ಲ. ಆ ಜೋಶಿಯವರೇ 1966ರ ‘ಸಂಧ್ಯಾರಾಗ’ ಚಿತ್ರಕ್ಕೆ ಹಾಡಿದವರು. ಅದಿರಲಿ, ವಿಜ್ಞಾನಕ್ಕೇ ಬರೋಣ. ತಮಟೆಯಲ್ಲಿ ಕಂಪಿಸುವುದು ಚರ್ಮ, ಕೊಳಲಿನಲ್ಲಿ ಗಾಳಿ, ಗಿಟಾರಿನಲ್ಲಿ ತಂತಿ. ಒಂದೇ ಆವೃತ್ತಿಯ ಸ್ವರ ನುಡಿಸಿದರೂ ಕೊಳಲು, ಗಿಟಾರು ಬೇರೆಬೇರೆಯಾಗಿ ಕೇಳುತ್ತವೆ. ಒಂದೇ ಬಗೆಯ ಸಂಗೀತ ಕೇಳಿಸಿ ಇದನ್ನು ಕಲಿಸುವುದು ಹೇಗೆ? ಗದ್ದಲ ಯಾವುದು ಎಂದಾಗ ಅರ್ಧ ತರಗತಿ ಆಲಾಪದತ್ತ ಬೆರಳು ತೋರಿಸಿತು! ನಗು ಬಂದರೂ ಚರ್ಚೆ ಹತ್ತು ನಿಮಿಷ ನಡೆಯಿತು.

ಮೂರು ವಾರ ಬಾಯಿಬಿಡದ ಹಿಂದಿನ ಬೆಂಚಿನ ಹುಡುಗಿ ಅಂದು ಎದ್ದು ನಿಂತಳು: “ಅಪ್ಪ ತಮಟೇನ ಬೆಂಕಿಗೆ ಯಾಕೆ ಕಾಯಿಸ್ತಾರೆ ಮಿಸ್?” ತೇವ ಆರಿ ಚರ್ಮ ಬಿಗಿಯಾಗುತ್ತದೆ, ಬಿಗಿದಷ್ಟೂ ಆವೃತ್ತಿ ಹೆಚ್ಚುತ್ತದೆ ಎಂದೆ. ಪಠ್ಯಪುಸ್ತಕದಲ್ಲಿ ಹುಡುಕಬೇಕಾಗಲಿಲ್ಲ, ಅವಳ ಮನೆಯಂಗಳದಲ್ಲೇ ಇತ್ತು. ಷರಾ ಬರೆಯುವಾಗ ಈ ಪ್ರಶ್ನೆ ಲೆಕ್ಕಕ್ಕೆ ಬರಲಿಲ್ಲ.

ಮುಂದಿನ ಪಾಠಕ್ಕೆ ತಮಟೆಯನ್ನೇ ತರುತ್ತೇನೆ ಎಂದಿದ್ದಾಳೆ. ಪಾಠಯೋಜನೆಯ ಬೋಧನೋಪಕರಣದ ಅಂಕಣದಲ್ಲಿ ಬರೆದಿಟ್ಟಿದ್ದೇನೆ. ಸಹಿ ಇನ್ನೂ ಆಗಬೇಕು.