ನೇಕಾರನಿಗೆ ಕೆವೈಸಿ, ಕೋಟಿಯವನನ್ನು ಕೇಳುವವರು ಯಾರು?

ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವನ ಖಾತೆ ಕೆವೈಸಿ ಆಗಿಲ್ಲ ಅಂತ ಬಂದ್ ಆಗುತ್ತದೆ. ಚಳ್ಳಕೆರೆ ಮಂಡಿಯಲ್ಲಿ ಶೇಂಗಾ ಮಾರಿ, ದೊಡ್ಡ ಮೊತ್ತದ ನಗದು ಕಟ್ಟಲು ಹೋದ ರೈತನಿಗೆ ಬ್ಯಾಂಕಿನವರು ಪಾನ್ ಕೇಳುತ್ತಾರೆ. ಇಲ್ಲದಿದ್ದರೆ ಫಾರಂ ತುಂಬಿಸುತ್ತಾರೆ. ಕೇಳಲಿ, ತಪ್ಪಿಲ್ಲ.

ಆದರೆ ಇದೇ ಚಳ್ಳಕೆರೆಯಲ್ಲಿ 2016ರ ಡಿಸೆಂಬರ್‌ನಲ್ಲಿ ಮನೆಯೊಂದರ ಬಾತ್‌ರೂಮ್ ಟೈಲ್ಸ್ ಹಿಂದೆ 5.7 ಕೋಟಿ ರೂಪಾಯಿ ಹೊಸ ನೋಟು ಸಿಕ್ಕಿದ್ದು ನೆನಪಿದೆಯಾ? ನಾವೆಲ್ಲ ವಾರಕ್ಕೆ 24 ಸಾವಿರದ ಮಿತಿಯಲ್ಲಿ ಸಾಲು ನಿಂತಿದ್ದ ದಿನಗಳವು. 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಬೆಟ್ಟಿಂಗ್ ಪ್ರಕರಣದಲ್ಲಿ ಚಿತ್ರದುರ್ಗ ಶಾಸಕ ಕೆ.ಸಿ. ವೀರೇಂದ್ರ ಅವರನ್ನು ಇ.ಡಿ. ಬಂಧಿಸಿತು. ಸುಮಾರು 12 ಕೋಟಿ ನಗದು ವಶಪಡಿಸಿಕೊಂಡೆವು ಎಂದಿತು. ಆರೋಪ ನಿಜವೋ ಸುಳ್ಳೋ ಕೋರ್ಟ್ ಹೇಳಲಿ. ನನ್ನ ತಕರಾರು ಬೇರೆ. ಇ.ಡಿ. ಬರುವುದು ಎಲ್ಲ ಮುಗಿದ ಮೇಲೆ. ಅದಕ್ಕೂ ಮೊದಲು, ದುಡ್ಡು ಕಾಗದಕ್ಕೆ ಇಳಿಯುವ ಹೊತ್ತಿನಲ್ಲಿ, ಯಾರಾದರೂ ಕೇಳಬೇಕಲ್ಲ?

ಕೇಳಬೇಕು ಅಂತ ಕಾನೂನು ಬಂದಿದೆ. 2023ರ ಮೇ 3ರಂದು ಕೇಂದ್ರ ಹಣಕಾಸು ಸಚಿವಾಲಯ ಚಾರ್ಟರ್ಡ್ ಅಕೌಂಟೆಂಟ್, ಕಂಪನಿ ಸೆಕ್ರೆಟರಿ, ಕಾಸ್ಟ್ ಅಕೌಂಟೆಂಟ್‌ಗಳನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯೊಳಗೆ ತಂದಿತು. ಗಿರಾಕಿ ಪರವಾಗಿ ಆಸ್ತಿ ಕೊಳ್ಳುವುದು, ಮಾರುವುದು, ಅವರ ದುಡ್ಡು ಅಥವಾ ಬ್ಯಾಂಕ್ ಖಾತೆ ನೋಡಿಕೊಳ್ಳುವುದು, ಕಂಪನಿ, ಟ್ರಸ್ಟ್ ಕಟ್ಟಿಕೊಡುವುದು, ಇಂಥ ಕೆಲಸ ಮಾಡಿದರೆ ಗಿರಾಕಿ ಯಾರೆಂದು ಖಚಿತ ಮಾಡಿಕೊಳ್ಳಬೇಕು, 5 ವರ್ಷ ದಾಖಲೆ ಇಡಬೇಕು, ಅನುಮಾನ ಬಂದರೆ ದೆಹಲಿಯ ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸಬೇಕು. ಗಿರಾಕಿಗೆ ಆ ವಿಷಯ ಹೇಳುವ ಹಾಗಿಲ್ಲ.

ಸಿಎಗಳು ಗೊಣಗಿದರು. ಒಬ್ಬನೇ ಕೂತು ಆಫೀಸು ನಡೆಸುವವನಿಗೆ ಹೊರೆ ಅಂದರು. ಸ್ವಲ್ಪ ನಿಜ. ಆದರೆ ಹೊರೆ ಅನ್ನುವುದು ನೇಕಾರನಿಗೂ ಇತ್ತು, ಅವನನ್ನು ಯಾರೂ ಕೇಳಲಿಲ್ಲ.

ನನಗೆ ಸಿಟ್ಟಿರುವುದು ಕಾನೂನು ಬಿಟ್ಟ ಕಿಂಡಿಯ ಮೇಲೆ. ನಮ್ಮ ತಾಲ್ಲೂಕುಗಳಲ್ಲಿ ಲೆಕ್ಕ ಬರೆಯುವವರನ್ನೆಲ್ಲ ನಾವು ‘ಆಡಿಟರ್’ ಅನ್ನುತ್ತೇವೆ. ಅವರಲ್ಲಿ ಸಿಎ ಓದಿದವರು ಎಷ್ಟು ಮಂದಿ? ರಿಟರ್ನ್ಸ್ ಹಾಕಿಕೊಡುವ, ಜಿಎಸ್‌ಟಿ ನಂಬರ್ ಮಾಡಿಸಿಕೊಡುವ ಬಹಳ ಜನ ಸಿಎ ಅಲ್ಲ, ಆ ಅಧಿಸೂಚನೆ ಅವರನ್ನು ಮುಟ್ಟುವುದೇ ಇಲ್ಲ. ವಕೀಲರನ್ನೂ ಮುಟ್ಟಿಲ್ಲ. ಮುಟ್ಟಿದವರಿಗೂ ಬರೀ ಆಡಿಟ್, ರಿಟರ್ನ್ಸ್ ಮಾಡಿಕೊಟ್ಟರೆ ಈ ಕಟ್ಟಳೆ ಇಲ್ಲ. ಬೋರ್ಡಿನ ಮೇಲೆ ‘ಸಿಎ’ ಇದ್ದರೆ ಬಾಗಿಲಿಗೆ ಬೀಗ, ಪಕ್ಕದ ಅಂಗಡಿ ಹಾರು ಹೊಡೆದಿದೆ. ಕಳ್ಳದುಡ್ಡಿನವನು ಯಾವ ಅಂಗಡಿಗೆ ಹೋಗುತ್ತಾನೆ ಹೇಳಿ?

ಇದರಲ್ಲಿ ಹಳ್ಳಿಯವರಿಗೇನು ಅನ್ನಬೇಡಿ. ಹುಸಿ ಕಂಪನಿಗೆ ಬೇಕಾಗುವುದು ಒಂದು ಹೆಸರು, ಒಂದು ಆಧಾರ್, ಒಂದು ಒಟಿಪಿ. ಕೂಲಿಯವರ ಹೆಸರಿಗೆ ಕೋಟಿಗಟ್ಟಲೆ ತೆರಿಗೆ ನೋಟಿಸ್ ಬಂದ ಸುದ್ದಿ ದೇಶದ ನಾನಾ ಕಡೆಯಿಂದ ಬರುತ್ತಲೇ ಇದೆ. ಸಾಲ ಕೊಡಿಸುತ್ತೇನೆ ಅಂತ ಜೆರಾಕ್ಸ್ ಇಸಿದುಕೊಂಡವನು ಅದನ್ನು ಎಲ್ಲಿ ಹಚ್ಚಿದ ಅಂತ ಕೊಟ್ಟವರಿಗೆ ಗೊತ್ತಿರುವುದಿಲ್ಲ.

ಹಣ ಪಡೆದು ಜಿಎಸ್‌ಟಿ ನಂಬರ್ ಮಾಡಿಸಿಕೊಡುವ ಪ್ರತಿಯೊಬ್ಬರೂ, ಸಿಎ ಇರಲಿ ಬಿಡಲಿ, ಆ ಹೆಸರಿನ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಕೇಳಿ, ದಾಖಲೆ ಇಡುವಂತೆ ಆಗಬೇಕು. ಸರ್ಕಾರ ಮಾಡುವ ತನಕ ಕಾಯಬೇಡಿ. ಜಿಎಸ್‌ಟಿ ಜಾಲತಾಣದ ‘ಸರ್ಚ್ ಟ್ಯಾಕ್ಸ್‌ಪೇಯರ್’ ಒತ್ತಿ ನಿಮ್ಮ ಪಾನ್ ನಂಬರ್ ಹಾಕಿ. ಲಾಗಿನ್ ಬೇಡ, ದುಡ್ಡೂ ಬೇಡ. ನಿಮಗೆ ಗೊತ್ತಿಲ್ಲದ ವ್ಯಾಪಾರವೊಂದು ಅಲ್ಲಿ ಕಂಡರೆ ಅವತ್ತೇ ಸ್ಟೇಷನ್ನಿಗೆ ಹೋಗಿ ದೂರು ಬರೆಸಿ, ಸ್ವೀಕೃತಿ ಇಸಿದುಕೊಳ್ಳಿ.