ಪಿಕಪ್ ಡಬ್ಬಿಯ ಸುಳ್ಳು

ಹೊಸ ಕಾರು ತಗೊಂಡ್ರೆ ಸಾಕು, ಯಾರಾದ್ರೂ ಹೇಳೇ ಹೇಳ್ತಾರೆ: "ಪಿಕಪ್ ಸಾಲ್ತಿಲ್ವಾ? ಥ್ರಾಟಲ್ ಕಂಟ್ರೋಲರ್ ಹಾಕ್ಸು ಗುರು, ಹಾರುತ್ತೆ!" ಈ ಸಲಹೆ ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತೆ.

ಹಳೇ ಕಾರುಗಳಲ್ಲಿ ಆಕ್ಸಿಲರೇಟರ್ ಪೆಡಲ್‌ನಿಂದ ಎಂಜಿನ್ ತನಕ ಕೇಬಲ್ ಇರ್ತಿತ್ತು. ಒತ್ತಿದಷ್ಟು ಥ್ರಾಟಲ್ ತೆರೆದು ಗಾಳಿ ಒಳಗೆ ಹೋಗ್ತಿತ್ತು. ಈಗಿನ ಪೆಟ್ರೋಲ್ ಕಾರುಗಳಲ್ಲಿ ಆ ಕೇಬಲ್ ಇಲ್ಲ. ನೀವೆಷ್ಟು ಒತ್ತಿದ್ದೀರಿ ಅಂತ ಪೆಡಲ್‌ನ ಎರಡು ಸೆನ್ಸರ್‌ಗಳು ಎಂಜಿನ್‌ನ ಕಂಪ್ಯೂಟರಿಗೆ, ಅಂದರೆ ಇಸಿಯುಗೆ ತಿಳಿಸುತ್ತವೆ. ಅದು ಲೆಕ್ಕ ಹಾಕಿ, ಪುಟ್ಟ ಮೋಟಾರಿನಿಂದ ಥ್ರಾಟಲ್ ತಿರುಗಿಸುತ್ತದೆ. ಎರಡು ಸೆನ್ಸರ್ ಯಾಕೆ? ಒಂದು ತಪ್ಪು ಹೇಳಿದರೆ ಇನ್ನೊಂದರಿಂದ ಸಿಕ್ಕಿಬೀಳಲಿ ಅಂತ. ಎರಡೂ ತಾಳೆಯಾಗದಿದ್ದರೆ ಇಸಿಯು ಎಂಜಿನ್ನಿನ ಶಕ್ತಿಯನ್ನೇ ತಗ್ಗಿಸುತ್ತದೆ.

ಈ ಡಬ್ಬಿ ಕೂರೋದು ಪೆಡಲ್ ಮತ್ತು ಇಸಿಯು ನಡುವೆ. ಅದರ ಕೆಲಸ ಒಂದೇ: ಎರಡೂ ಸೆನ್ಸರ್‌ಗಳ ಪರವಾಗಿ ತಾಳೆಯಾಗುವಂಥ ಸುಳ್ಳು ಹೇಳೋದು. ನೀವು ಶೇ 30 ಒತ್ತಿದರೆ ಶೇ 50 ಅನ್ನುತ್ತೆ. ಪೂರ್ತಿ ಒತ್ತಿದಾಗ? ಶೇ 100ಕ್ಕೆ ಶೇ 100, ಅಷ್ಟೇ. ಒಂದು ಹಾರ್ಸ್‌ಪವರ್ ಕೂಡ ಹೆಚ್ಚಲ್ಲ. ಇನ್ನೊಂಚೂರು ಕಾಲು ಒತ್ತಿದ್ರೆ ಅದೇ ಪಿಕಪ್ ಪುಕ್ಕಟೆ ಸಿಗ್ತಿತ್ತು.

"ಸ್ಪೋರ್ಟ್ ಮೋಡ್ ಮಾಡೋದೂ ಇದೇ ಅಲ್ವಾ?" ಅಂತೀರಿ. ಸುಮಾರಾಗಿ ಹೌದು. ಆದರೆ ಅದನ್ನು ಇಸಿಯುಗೆ ತಿಳಿಸಿಯೇ ಮಾಡಿರುತ್ತಾರೆ, ಮೋಸ ಮಾಡಿ ಅಲ್ಲ.

ಕಳ್ಕೊಳ್ಳೋದು ಮಾತ್ರ ನಿಜವಾದದ್ದು. ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ, ಬಂಪರ್ ಮುಂದೆಯೇ ಡೆಲಿವರಿ ಹುಡುಗನ ಬೈಕ್ ಇರುವಾಗ, ನಮಗೆ ಬೇಕಿರೋದು ಇಂಚಿಂಚೇ ಸರಿಯುವ ಹಿಡಿತ. ದುಡ್ಡು ಕೊಟ್ಟು ಅದನ್ನೇ ಹಾಳು ಮಾಡ್ಕೋಬೇಕಾ?